ಮುಖ ಬರೆಯದವಳ ಸಾಕ್ಷಿ

ಇಸ್ತ್ರಿಪೆಟ್ಟಿಗೆಯ ಮೂತಿ ಆ ಕಂದು ಗುರುತಿನ ಮೇಲೆ ಅಚ್ಚು ಹೊಯ್ದ ಹಾಗೆ ಕೂತಿತು.

ಚಿತ್ರದ ಸಾಹೇಬರು ಪೆಟ್ಟಿಗೆಯನ್ನು ಎತ್ತಿ ಮತ್ತೊಮ್ಮೆ ಇಟ್ಟು ನೋಡಿದರು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಯಾವಾಗಲೋ ನೆಲಕ್ಕೆ ಬಿದ್ದು ಮೂತಿಯ ಎಡಬದಿ ಒಂದಿಷ್ಟು ತಗ್ಗಾಗಿತ್ತು. ಅವರು ಜೊತೆಗೆ ತಂದಿದ್ದ ರಟ್ಟಿನ ಮೇಲಿನ ಸುಟ್ಟ ಗುರುತೂ ಅದೇ ಜಾಗದಲ್ಲಿ ತಗ್ಗಾಗಿತ್ತು.

"ಪೆಟ್ಟಿಗೆ ನಿಮ್ಮದೇ ಅಲ್ವಾ ಅಮ್ಮ?"

"ನಂದೇ," ಅಂದಳು ಮೇಜಿನ ಆಚೆ ನಿಂತಿದ್ದ ಹೆಂಗಸು. "ಬೇರೆ ಯಾರೂ ಮುಟ್ಟಲ್ಲ."

ಅದು ದೊಡ್ಡಾಸ್ಪತ್ರೆಯ ನೆಲಮಾಳಿಗೆ. ಒಂದು ಕಡೆ ಒಗೆಯುವ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. ಇನ್ನೊಂದು ಕಡೆ ಸೀಳುಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲಿನಲ್ಲಿ ಹಬೆ ಹೊರಳುತ್ತಿತ್ತು. ಮಡಿಸಿದ ಬಿಳಿ ಹಾಸುಗಳನ್ನು ಗೋಡೆಯುದ್ದಕ್ಕೂ ಎದೆಮಟ್ಟ ಪೇರಿಸಲಾಗಿತ್ತು. ಅವುಗಳ ನಡುವೆ ಮೂವತ್ತು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದ ಈ ಹೆಂಗಸಿಗೆ ಆಸ್ಪತ್ರೆಯವರೆಲ್ಲ ಗುಂಡಿಯಕ್ಕ ಎನ್ನುತ್ತಿದ್ದರು. ಅಂಗಿಯಲ್ಲಿ ಒಂದು ಗುಂಡಿ ಕಡಿಮೆಯಿದ್ದರೂ ಹೊಲಿಯದೆ ಮೇಲಕ್ಕೆ ಕಳಿಸುವವಳಲ್ಲ. ಅವಳ ಏಪ್ರನ್ನಿನ ಜೇಬು ಯಾವಾಗಲೂ ಗುಂಡಿಗಳಿಂದ ಗಲಗಲ ಎನ್ನುತ್ತಿತ್ತು.

ಈಗ ಆ ಹೆಸರಿಗೆ ಬೇರೆ ಬೆಲೆ ಬಂದಿತ್ತು. ಊರಿನ ಕಲಾಭವನದಲ್ಲಿ ಅವಳು ಬರೆದ ನೂರಾ ನಲವತ್ತು ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಮೂರು ದಿನದ ಹಿಂದೆ ಅಲ್ಲಿಂದ ಒಂದೇ ಒಂದು ಚಿತ್ರ ಕಾಣೆಯಾಗಿತ್ತು.

ಅದನ್ನು ಹುಡುಕಿಕೊಡಿ ಎಂದು ಸಾಹೇಬರನ್ನು ಕರೆಸಿದವಳು ಕಲಾಶಾಲೆಯ ಪ್ರಾಧ್ಯಾಪಕಿ. ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದಾಗ, ಒಗೆದು ಬಂದ ಹಾಸುಗಳಿಗೆ ಸುತ್ತಿದ ಕಾಗದದ ಒಳಮೈಯಲ್ಲಿ ಒಂದು ಚಿತ್ರ ಕಂಡು ಬೆಚ್ಚಿದವಳು ಅವಳೇ. ಊರುಗೋಲು ಹಿಡಿದೇ ಈ ನೆಲಮಾಳಿಗೆಗೆ ಇಳಿದು, ಅಟ್ಟದ ಮೇಲಿದ್ದ ಕಟ್ಟುಗಳನ್ನೆಲ್ಲ ಬಿಚ್ಚಿಸಿದ್ದಳು. ಬಟ್ಟೆಗೆ ಗುರುತು ಹಾಕುವ ಕಪ್ಪು ಶಾಯಿ, ಬಟ್ಟೆಗೆ ಹಾಕುವ ನೀಲಿ, ಗಾಯಕ್ಕೆ ಹಚ್ಚುವ ಕಂದು ಔಷಧಿ, ಗಂಜಿ. ಗುಂಡಿಯಕ್ಕನ ಬಣ್ಣಗಳು ಅಷ್ಟೇ. ಕುಂಚ ಎಂದರೆ ಹಲ್ಲುಜ್ಜುವ ಹಳೆ ಬ್ರಷ್ಷು.

ಸಾಹೇಬರು ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಚಿತ್ರಗಾರರಾಗಿದ್ದವರು. ಸಾಕ್ಷಿಗಳು ಹೇಳಿದ್ದನ್ನು ಕೇಳಿಸಿಕೊಂಡು ಅಪರಾಧಿಯ ಮುಖ ಬರೆದುಕೊಡುವುದು ಅವರ ಕೆಲಸ. ನಿವೃತ್ತರಾದ ಮೇಲೆ ಇಂಥ ಸಣ್ಣಪುಟ್ಟ ಖಾಸಗಿ ವಿಚಾರಣೆಗಳನ್ನು ಒಪ್ಪಿಕೊಳ್ಳುತ್ತಿದ್ದರು.

ಕಲಾಭವನದಲ್ಲಿ ಮೊದಲ ದಿನವೇ ಅವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಇದು ಕಳ್ಳರ ಕೈಯಲ್ಲ. ಚೌಕಟ್ಟು ಗೋಡೆಯ ಮೇಲೆಯೇ ಇತ್ತು. ಹಿಂಬದಿಯ ಮೊಳೆಗಳನ್ನು ಕಿತ್ತವರು ಹಳೆಯ ತೂತುಗಳಿಗೇ ಮತ್ತೆ ಕೂರಿಸಿದ್ದರು. ಗಾಜನ್ನು ಒರೆಸಿಟ್ಟಿದ್ದರು. ಹಿಂದಿನ ರಟ್ಟಿಗೆ ಅಂಟಿಸಿದ್ದ ಕಾಗದ ಮಾತ್ರ ಒಂದು ಚೂರೂ ಹರಿಯದೆ ಎದ್ದುಹೋಗಿತ್ತು. ಒದ್ದೆ ಬಟ್ಟೆ ಹಾಸಿ, ಮೇಲೆ ಬಿಸಿ ಇಟ್ಟು, ಅಂಟು ಮೆತ್ತಗಾಗಿಸಿ ಬಿಡಿಸಿದ್ದರು. ಒಂದೇ ಕಡೆ ಒದ್ದೆ ಬಟ್ಟೆ ಜಾರಿ, ದೋಣಿಯ ತುದಿಯಂಥ ಗುರುತು ರಟ್ಟಿಗೆ ಬಿದ್ದಿತ್ತು.

ಆದರೂ ಈ ಮೆಟ್ಟಿಲಿಳಿದು ಬರಲು ಅವರಿಗೆ ಮೂರು ದಿನ ಹಿಡಿದಿತ್ತು.

ಪ್ರಾಧ್ಯಾಪಕಿಗೆ ಅನುಮಾನವಿದ್ದದ್ದು ಬೇರೊಬ್ಬನ ಮೇಲೆ. ಪ್ರದರ್ಶನ ಶುರುವಾದಾಗಿನಿಂದ ಒಬ್ಬ ಬಡಕಲು ಮನುಷ್ಯ ದಿನವೂ ಬಂದು ಆ ಒಂದು ಚಿತ್ರದ ಮುಂದೆಯೇ ನಿಲ್ಲುತ್ತಿದ್ದನಂತೆ. ಆಸ್ಪತ್ರೆಯಲ್ಲಿ ಹಿಂದೆ ಲಿಫ್ಟು ನಡೆಸುತ್ತಿದ್ದವನಂತೆ. ಕೊಲೆ ಮಾಡಿ ಹನ್ನೊಂದು ವರ್ಷ ಜೈಲಿನಲ್ಲಿದ್ದು ಬಂದವನಂತೆ. ಅವನನ್ನು ಮೊದಲು ವಿಚಾರಿಸಿ ಎಂದಿದ್ದಳು. ಸಾಹೇಬರು ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದು, ಕಲಾಭವನದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತುಬಿಟ್ಟಿದ್ದರು. ಆ ಲಿಫ್ಟಿನವನನ್ನು ಜೈಲಿಗೆ ಕಳಿಸಿದ ಮುಖವನ್ನು ಬರೆದ ಕೈ ಅವರದೇ.

ಇನ್ನೊಂದು ವಿಷಯವನ್ನೂ ಅವರು ಯಾರಿಗೂ ಹೇಳಿರಲಿಲ್ಲ. ಕಾಣೆಯಾದ ಚಿತ್ರವನ್ನು ಕೊನೇ ಗಳಿಗೆಯಲ್ಲಿ ಗೋಡೆಗೆ ಸೇರಿಸಿದ್ದರಿಂದ ಅದರ ಫೋಟೊ ಎಲ್ಲೂ ಇರಲಿಲ್ಲ. ಪ್ರಾಧ್ಯಾಪಕಿ ಬರೆದಿಟ್ಟಿದ್ದ ನಾಲ್ಕು ಸಾಲಿನ ವಿವರಣೆ ಮಾತ್ರ ಚೌಕಟ್ಟಿನ ಕೆಳಗೆ ಉಳಿದಿತ್ತು. 'ಮುಖವಿಲ್ಲದ ಮನುಷ್ಯ. ಕಾಗದವನ್ನು ಮುದ್ದೆ ಮಾಡಿ ಬಿಡಿಸಿದಂತೆ ಕಾಣುವ ಸುಕ್ಕುಗಳು ಕಲಾವಿದೆಯ ಉದ್ದೇಶಪೂರ್ವಕ ತಂತ್ರ. ಬದುಕಿನ ಒತ್ತಡಕ್ಕೆ ಸಿಕ್ಕಿದ ಇಂದಿನ ಮನುಷ್ಯನ ಸ್ಥಿತಿಯನ್ನು ಅವು ಸೂಚಿಸುತ್ತವೆ.'

ಅದನ್ನು ಓದುವಾಗ ಸಾಹೇಬರ ಕಿವಿ ಬಿಸಿಯಾಗಿತ್ತು. ಆ ಸುಕ್ಕುಗಳನ್ನು ಮಾಡಿದವರು ಕಲಾವಿದೆಯಲ್ಲ, ತಾವು ಎಂಬುದು ಅವರಿಗೆ ಗೊತ್ತಿತ್ತು.

"ಚಿತ್ರ ತೆಗೆದದ್ದು ನೀವೇ," ಎಂದರು ಈಗ. ಗದರಿಸುವ ದನಿ ಬರಲೇ ಇಲ್ಲ.

ಗುಂಡಿಯಕ್ಕ ಅಲ್ಲಗಳೆಯಲಿಲ್ಲ. ಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು, ತಳಕ್ಕೆ ಒಂದು ಹನಿ ನೀರು ಚಿಮುಕಿಸಿ ನೋಡಿ, ಮುಂದಿದ್ದ ಹಾಸನ್ನು ಒತ್ತತೊಡಗಿದಳು. ನನ್ನ ಚಿತ್ರ ನಾನು ತಂದೆ, ಬರೆದವಳು ಅಂತ ಕಾವಲಿನವನೇ ಬಾಗಿಲು ತೆಗೆದ, ಅದಕ್ಕೆ ಕೇಸು ಹಾಕ್ತಾರಾ ಎಂದು ಕೇಳಿದಳು. ಹಾಕುವುದಿಲ್ಲ, ಆದರೆ ಮೇಡಂಗೆ ಏನಾದರೂ ಹೇಳಬೇಕಲ್ಲ ಎಂದರು ಸಾಹೇಬರು.

ಮೇಡಂ ಒಳ್ಳೆಯವರೇ ಎಂದಳು ಗುಂಡಿಯಕ್ಕ. ಉದ್ಘಾಟನೆಯ ದಿನ ಅವಳ ಕೈ ಹಿಡಿದು ಚಿತ್ರದಿಂದ ಚಿತ್ರಕ್ಕೆ ನಡೆಸಿದ್ದರಂತೆ. ಕಲಿತವರ ಕೈಗೆ ಇಂಥ ಗೆರೆ ಬರೋದೇ ಇಲ್ಲ, ಕಲಿಯದೆ ಇದ್ದದ್ದೇ ನಿಮ್ಮ ಭಾಗ್ಯ ಎಂದಿದ್ದರಂತೆ. ಕಲಿಸ್ತೀನಿ ಬಾ ಅಂತ ಯಾರಾದರೂ ಕರೆದಿದ್ದರೆ ನಾನು ಬೇಡ ಅಂತಿದ್ನಾ ಎಂದು ಕೇಳಬೇಕೆಂದಿದ್ದಳು, ಬಾಯಿ ಬರಲಿಲ್ಲವಂತೆ. ಆಮೇಲೆ ಆ ಚಿತ್ರದ ಮುಂದೆ ನಿಲ್ಲಿಸಿ ಹತ್ತು ಜನಕ್ಕೆ ಅದರ ಅರ್ಥ ಬಿಡಿಸಿ ಹೇಳಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ಸಾರ್. ಅದು ಗೋಡೆಗೆ ಹಾಕೋ ಚಿತ್ರ ಅಲ್ಲ. ಅದು ಸಾಕ್ಷಿ. ಪೊಲೀಸರಿಗೆ ಅಂತ ಬರೆದದ್ದು. ಮಿಕ್ಕವುಗಳ ಜೊತೆ ಅದೂ ಕಟ್ಟಿನಲ್ಲಿ ಹೋಗಿಬಿಟ್ಟಿತ್ತು."

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಏನು ಸಾಕ್ಷಿ ಎಂದು ಕೇಳಲೇಬೇಕಾಗಿತ್ತು, ಕೇಳಿದರು. ಉತ್ತರ ಗೊತ್ತಿದ್ದೂ ಕೇಳುವುದು ಅವರಿಗೆ ಹೊಸದಲ್ಲ. ಆದರೆ ಎದುರಿಗಿರುವವರ ಮುಖ ನೋಡದೆ ಕೇಳಿದ್ದು ಇದೇ ಮೊದಲು.

ಅವಳು ಹೇಳಿದಳು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಸ್ಪತ್ರೆಯ ಔಷಧಿ ಉಗ್ರಾಣದ ಮೇಲ್ವಿಚಾರಕರು ಹಿಂದಿನ ಮೆಟ್ಟಿಲಿನಿಂದ ಬಿದ್ದು ಸತ್ತರು. ಯಾರೋ ದೂಡಿದ್ದರು. ಆ ಹೊತ್ತಿಗೆ ಅವಳು ಹಿತ್ತಲ ಅಂಗಳದಲ್ಲಿ ಒಣಗಿದ ಹಾಸುಗಳನ್ನು ತಂತಿಯಿಂದ ಎಳೆಯುತ್ತಿದ್ದಳು. ಒಬ್ಬ ಮನುಷ್ಯ ಮೆಟ್ಟಿಲಿಳಿದು ಓಡಿಬಂದ. ಹಾಸುಗಳ ನಡುವೆ ದಾರಿ ತಪ್ಪಿ, ಅವಳಿಂದ ಎರಡು ಮಾರು ದೂರದಲ್ಲಿ ನಿಂತು, ದಾರಿ ಕಂಡು ಹೋದ.

ಮುಖ ನೋಡಿದ್ದಳು. ಆದರೆ ಮುಖಗಳು ಅವಳಲ್ಲಿ ನಿಲ್ಲುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಸ್ವಂತ ತಂಗಿಯನ್ನೂ ಬಟ್ಟೆಯಿಂದಲೇ ಗುರುತಿಸುವುದು. ಬಟ್ಟೆ ಮಾತ್ರ ಒಂದು ಸಲ ಕಣ್ಣಿಗೆ ಬಿದ್ದರೆ ಸಾಕು, ಎಲ್ಲಿ ನೂಲು ಎದ್ದಿದೆ, ಎಲ್ಲಿ ಹೊಲಿಗೆ ಬದಲಾಗಿದೆ, ಎಲ್ಲವೂ ಉಳಿಯುತ್ತಿತ್ತು.

"ಸ್ಟೇಷನ್ನಿಗೆ ಕರೆಸಿದರು. ಹೇಳೋಕೆ ಬರಲ್ಲ, ಬರೆದು ತೋರಿಸ್ತೀನಿ ಅಂದೆ. ಕಾಗದ ಕೊಟ್ಟರು. ಒಂದು ಗಂಟೆ ಕೂತು ಬರೆದೆ. ಆಮೇಲೆ ಒಬ್ಬ ಚಿತ್ರದವರು ಬಂದರು."

ಸಾಹೇಬರು ಮೇಜಿನ ಅಂಚನ್ನು ನೋಡುತ್ತಿದ್ದರು.

"ಮುಖ ಎಲ್ಲಮ್ಮ, ತಲೆ ಇರೋ ಜಾಗದಲ್ಲಿ ಮೊಟ್ಟೆ ಇಟ್ಟಿದ್ದೀಯಲ್ಲ ಅಂದರು. ಎಲ್ಲರೂ ನಕ್ಕರು. ಅವರೂ ನಕ್ಕು, ಕಾಗದ ಮುದ್ದೆ ಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ ಪೆನ್ಸಿಲ್ ತಗೊಂಡು, ಮೂಗು ಉದ್ದವಾ, ಗಲ್ಲ ಒಳಗೆ ಹೋಗಿತ್ತಾ ಅಂತ ಒಂದೊಂದೇ ಕೇಳಿದರು. ನಂಗೆ ಎಷ್ಟು ನಾಚಿಕೆ ಆಗಿತ್ತು ಅಂದ್ರೆ, ಬೇಗ ಮುಗಿದರೆ ಸಾಕು ಅಂತ ಕೇಳಿದ್ದಕ್ಕೆಲ್ಲ ಹೂಂ ಅಂದೆ."

ಹೂಂ ಅಂದದ್ದೆಲ್ಲ ಸೇರಿ ಒಂದು ಮುಖವಾಯಿತು. ಚೆಂದದ ಮುಖ. ನೆರಳು ಬೆಳಕು ಎಲ್ಲ ಕೂಡಿಬಂದಿದ್ದ, ಜೀವ ಇದ್ದ ಮುಖ. ಅದು ಲಿಫ್ಟಿನವನನ್ನು ಹೋಲುತ್ತಿತ್ತು. ಅವನಿಗೂ ಉಗ್ರಾಣದವರಿಗೂ ಹಿಂದಿನ ವಾರ ಮಾತಿಗೆ ಮಾತು ಬೆಳೆದಿತ್ತು ಎಂದು ನಾಲ್ಕು ಜನ ಹೇಳಿದರು. ಅಲ್ಲಿಗೆ ಮುಗಿಯಿತು.

"ಆ ಚಿತ್ರದವರು ಕೆಟ್ಟವರಲ್ಲ ಸಾರ್," ಗುಂಡಿಯಕ್ಕ ಹಾಸನ್ನು ತಿರುಗಿಸಿ ಹಾಕಿದಳು. "ಮುಖ ನೆನಪಿಲ್ಲ. ಬಿಳಿ ಅಂಗಿ, ಬಲಗೈ ಪಟ್ಟಿಯಲ್ಲಿ ಗುಂಡಿ ಇರಲಿಲ್ಲ, ದಾರ ಜೋತಾಡ್ತಿತ್ತು. ನನ್ನ ಹತ್ರ ಅದೇ ಅಳತೆಯ ಗುಂಡಿ ಇತ್ತು. ಹೊಲಿದುಕೊಡಲಾ ಅಂತ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ನಕ್ಕುಬಿಟ್ಟರು."

ಯಂತ್ರವೊಂದು ಸುತ್ತು ಮುಗಿಸಿ ನಿಂತಿತು.

ಸಾಹೇಬರು ಈ ಮೂರು ದಿನ ಒಂದೇ ಧೈರ್ಯದ ಮೇಲೆ ಬದುಕಿದ್ದರು. ಪ್ರದರ್ಶನಕ್ಕೆಂದು ಪ್ರಾಧ್ಯಾಪಕಿ ಅಚ್ಚು ಹಾಕಿಸಿದ್ದ ಪುಸ್ತಕದಲ್ಲಿ ಕಲಾವಿದೆಗೆ ಮುಖಗಳು ಗುರುತಾಗುವುದಿಲ್ಲ ಎಂದು ಬರೆದಿತ್ತು. ಎದುರಿಗೆ ಹೋಗಿ ನಿಂತರೂ ತಾನು ಯಾರೋ ಒಬ್ಬ ವಿಚಾರಣೆಯ ಮುದುಕ, ಅಷ್ಟೇ. ಆ ಲೆಕ್ಕಾಚಾರ ಹಾಕಿಯೇ ಅವರು ಮೆಟ್ಟಿಲಿಳಿದಿದ್ದರು. ಈಗ ಆ ಲೆಕ್ಕಾಚಾರವೇ ಮೈಮೇಲೆ ಹಲ್ಲಿ ಬಿದ್ದ ಹಾಗೆ ಹೇಸಿಗೆ ತರಿಸಿತು.

"ನಕ್ಕವನು ನಾನೇ ಅಮ್ಮ," ಎಂದರು.

ಗುಂಡಿಯಕ್ಕನ ಕೈ ನಿಲ್ಲಲಿಲ್ಲ. ಹಾಸಿನ ಕೊನೆಯವರೆಗೂ ಪೆಟ್ಟಿಗೆ ಹೋಯಿತು, ತಿರುಗಿ ಬಂತು. ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಅವರ ಬಲಗೈ ಪಟ್ಟಿಯನ್ನು ನೋಡಿದಳು. ಗುಂಡಿ ಇತ್ತು.

"ಬಂದ ತಕ್ಷಣ ಯಾಕೆ ಹೇಳಲಿಲ್ಲ?"

"ನಿಮಗೆ ಗುರುತು ಸಿಗಲ್ಲ ಅಂತ ಗೊತ್ತಿತ್ತು. ಅದಕ್ಕೇ."

ಅವಳು ಬಯ್ಯುತ್ತಾಳೆ ಎಂದು ಸಾಹೇಬರು ಕಾದರು. ಬೈದಿದ್ದರೆ ಹಗುರಾಗುತ್ತಿತ್ತು. ಆದರೆ ಅವಳು ಮೇಜಿನ ಕೆಳಗಿನಿಂದ ಹೂಜಿ ತೆಗೆದು ಒಂದು ಲೋಟ ನೀರು ಬಗ್ಗಿಸಿ ಅವರ ಮುಂದಿಟ್ಟಳು. ತಪ್ಪು ನಿಮ್ಮೊಬ್ಬರದೇ ಅಂತ ನಾನು ಹೇಳಿದರೆ ದೇವರು ಮೆಚ್ಚಲ್ಲ ಎಂದಳು. ಹೂಂ ಅಂದದ್ದು ಅವಳು. ಕೋರ್ಟಿನಲ್ಲೂ ಅಂದಿದ್ದಳು. ಇವನೇನಾ ಎಂದು ಕಟಕಟೆಯಲ್ಲಿದ್ದ ಲಿಫ್ಟಿನವನನ್ನು ತೋರಿಸಿ ಕೇಳಿದಾಗ, ಆಸ್ಪತ್ರೆಯ ಸಮವಸ್ತ್ರವಿಲ್ಲದ ಅವನು ಯಾರು ಎಂದೇ ಅವಳಿಗೆ ತಿಳಿಯಲಿಲ್ಲ. ಅಷ್ಟು ಜನರ ನಡುವೆ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಹೂಂ ಎಂದಿದ್ದಳು. ದಿನಾ ನಾಲ್ಕು ಸಲ ತನ್ನ ಗಾಡಿಯನ್ನು ಮೇಲಕ್ಕೆ ಒಯ್ಯುತ್ತಿದ್ದ ಲಿಫ್ಟಿನವನೇ ಅವನು ಎಂದು ಹೊರಗೆ ಬಂದ ಮೇಲೆ ಯಾರೋ ಹೇಳಿದರು.

ಅವತ್ತಿನಿಂದ ಅವಳು ಬರೆಯತೊಡಗಿದ್ದಳು. ಕಣ್ಣಿಗೆ ಬಿದ್ದ ಬಟ್ಟೆಯನ್ನೆಲ್ಲ ಬರೆದಳು. ಮತ್ತೆ ಯಾರಾದರೂ ಕೇಳಿದರೆ ಹೂಂ ಎನ್ನದೆ ತೋರಿಸಬೇಕಲ್ಲ. ಇಪ್ಪತ್ತೆರಡು ವರ್ಷ ಯಾರೂ ಕೇಳಲಿಲ್ಲ.

ಕಲಾಭವನದ ಗೋಡೆಗಳು ಸಾಹೇಬರ ಕಣ್ಣಿಗೆ ಬಂದವು. ನರ್ಸಿನ ಬಿಳಿ ಉಡುಪು, ಅದರ ಹೆಗಲಲ್ಲಿ ಮಗು ಕಕ್ಕಿದ ಕಲೆ. ಸತ್ತವನ ಮನೆಯವರು ಬಿಟ್ಟುಹೋದ ಪಂಚೆ. ಒದ್ದೆ ಹಾಸಿನ ಭಾರಕ್ಕೆ ಜಗ್ಗಿದ ತಂತಿ. ದೂರ ಹತ್ತಿರ ಎಂಬ ಅಳತೆಯೇ ಇಲ್ಲದ, ಮೇಲಿಂದಲೂ ಪಕ್ಕದಿಂದಲೂ ಒಟ್ಟಿಗೇ ನೋಡಿದಂತಿದ್ದ ಆ ಚಿತ್ರಗಳ ಮುಂದೆ ಅವರು ಮೊದಲ ದಿನ ಒಬ್ಬರೇ ನಿಂತಿದ್ದರು. ಐದು ವರ್ಷ ಕಲಾಶಾಲೆಯಲ್ಲಿ ಕಲಿತು ಸಾವಿರಾರು ಮುಖ ಬರೆದಿದ್ದೆ, ಒದ್ದೆ ಬಟ್ಟೆಗೆ ಇಷ್ಟು ತೂಕ ಇರುತ್ತದೆ ಎಂದು ಒಂದು ಗೆರೆಯಲ್ಲೂ ಹೇಳಲಾಗಲಿಲ್ಲವಲ್ಲ ಎನ್ನಿಸಿತ್ತು. ಅದು ಹೊಟ್ಟೆಕಿಚ್ಚಲ್ಲ. ಬೇರೊಬ್ಬರ ಮನೆಗೆ ಹೇಳದೆ ಕೇಳದೆ ನುಗ್ಗಿ ಸಿಕ್ಕಿಬಿದ್ದವನ ಅವಮಾನ.

"ಆ ಕಾಗದ ನಿಮಗೆ ಹೇಗೆ ಸಿಕ್ತು?"

ಬುಟ್ಟಿಯಿಂದ ಎತ್ತಿಕೊಂಡೆ ಎಂದಳು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದಾಗ ಕಸ ಗುಡಿಸುವವಳು ಬುಟ್ಟಿ ಹೊರಗಿಟ್ಟಿದ್ದಳಂತೆ. ಮನೆಗೆ ತಂದು ಹದವಾದ ಬಿಸಿಯಲ್ಲಿ ಇಸ್ತ್ರಿ ಹಾಕಿದ್ದಳು. ಸುಕ್ಕು ಪೂರ್ತಿ ಹೋಗಲಿಲ್ಲ.

ಹೇಳುತ್ತಲೇ ಗೋಡೆಯ ಕಡೆಗೆ ಹೋಗಿ, ಪೇರಿಸಿದ ಹಾಸುಗಳಲ್ಲಿ ಮೇಲಿನಿಂದ ಏಳನೆಯದನ್ನು ಎಳೆದು ಮಡಿಕೆ ಬಿಚ್ಚಿದಳು. ಒಳಗೆ ಕಾಗದವಿತ್ತು.

"ನೀವು ಚಿತ್ರ ಬಲ್ಲವರು. ಅವತ್ತು ನೋಡಲಿಲ್ಲ. ಈಗ ನೋಡಿ."

ಸಾಹೇಬರು ಕನ್ನಡಕ ಒರೆಸಿಕೊಂಡರು. ಇಷ್ಟು ಹೊತ್ತಿಗೆ ಎದೆ ಒಂದಿಷ್ಟು ಸಡಿಲಾಗಿತ್ತು ಎಂಬುದು ನಿಜ. ಒಪ್ಪಿಕೊಂಡಾಯಿತು, ಅವಳು ನೀರು ಕೊಟ್ಟಳು. ಇನ್ನು ನೋಡಿ, ಕಂಡದ್ದನ್ನು ಬರೆದು ಮೇಲಿನವರಿಗೆ ಕಳಿಸಿ, ಲಿಫ್ಟಿನವನ ಹೆಸರಿಗೆ ಹತ್ತಿದ ಕಳಂಕ ತೊಳೆಯಬಹುದು. ಸಾಯುವ ಮುಂಚೆ ಒಂದು ಒಳ್ಳೆಯ ಕೆಲಸ.

ಕಾಗದದ ತುಂಬ ಬಲೆಯ ಹಾಗೆ ಸುಕ್ಕಿನ ಗೆರೆಗಳಿದ್ದವು. ಎಲ್ಲವೂ ನಡುವಿನ ಕಡೆ ಸಾಗುತ್ತಿದ್ದವು, ಒಂದು ಮುಷ್ಟಿ ಹಿಡಿದ ಕಡೆಗೆ.

ತಲೆಯ ಜಾಗದಲ್ಲಿ ಖಾಲಿ ಸುತ್ತು. ಅದರ ಕೆಳಗೆ ಕಾಗದದ ಅಂಚಿನವರೆಗೂ ಒಂದು ಕೋಟು. ಮನುಷ್ಯನಿಗೆ ಕಾಲುಗಳಿದ್ದದ್ದು ಹೆಸರಿಗೆ ಮಾತ್ರ. ಕೋಟು ಒಂದು ಮನೆಯಷ್ಟು ದೊಡ್ಡದಾಗಿ ನಿಂತಿತ್ತು. ಚೌಕಳಿ ಬಟ್ಟೆಯ ಒಂದೊಂದು ಚೌಕವನ್ನೂ ಶಾಯಿಯಲ್ಲಿ ತುಂಬಿದ್ದಳು. ನಾಲ್ಕು ಗುಂಡಿಗಳಲ್ಲಿ ಮೂರಕ್ಕೆ ದಾರ ನೇರವಾಗಿ ಹಾಯ್ದಿತ್ತು, ಕೆಳಗಿನದಕ್ಕೆ ಅಡ್ಡಡ್ಡ. ಎಡ ಮೊಣಕೈ ಮೇಲೆ ಒಂದು ತೇಪೆ. ದುಂಡಗೂ ಅಲ್ಲ, ಚೌಕವೂ ಅಲ್ಲ, ಎಲೆಯ ಆಕಾರ. ತುದಿಯಲ್ಲಿ ತೊಟ್ಟಿನ ಹಾಗೆ ಮೂರು ಹೊಲಿಗೆ.

ಎದೆಯ ಜೇಬಿನ ಮೇಲೆ ಉದ್ದಕ್ಕೆ ಮೂರು ಸಾಲು ಹೊಲಿಗೆಯಿತ್ತು. ಒಂದು ಜೇಬನ್ನು ನಾಲ್ಕು ಸಣ್ಣ ಕೊಳವೆಗಳಾಗಿ ಸೀಳಿದ ಹಾಗೆ.

ಸಾಹೇಬರು ಆ ಸಾಲುಗಳ ಮೇಲೆ ಬೆರಳಿಟ್ಟರು.

ಪೆನ್ಸಿಲ್ ಇಡಲು ಆ ಮೂರು ಸಾಲುಗಳನ್ನು ಹೊಲಿದವಳು ಅವರ ಹೆಂಡತಿ. ಮದುವೆಯಾದ ಹೊಸತರಲ್ಲಿ. ಪೆನ್ಸಿಲ್ಲುಗಳು ಜೇಬಿನಲ್ಲಿ ಅಡ್ಡಬಿದ್ದು ಮುರಿಯುತ್ತವೆ ಎಂದು ಅವರು ಗೊಣಗಿದ್ದಕ್ಕೆ. ಮೊಣಕೈ ಹರಿದಾಗ, ಸುಮ್ಮನೆ ತೇಪೆ ಹಾಕಿದರೆ ಚೆನ್ನಾಗಿರಲ್ಲ ಎಂದು ಎಲೆಯ ಆಕಾರಕ್ಕೆ ಕತ್ತರಿಸಿದವಳೂ ಅವಳೇ. ಅವಳು ಹೋಗಿ ಒಂಬತ್ತು ವರ್ಷವಾಗಿತ್ತು. ಅವಳ ಕೈಹೊಲಿಗೆ ಈ ನೆಲಮಾಳಿಗೆಯಲ್ಲಿ, ಕಣ್ಣೆದುರಿಗಿತ್ತು.

ಅಂಥ ಕೋಟು ಊರಲ್ಲಿ ಎರಡಿರಲು ಸಾಧ್ಯವೇ ಇರಲಿಲ್ಲ.

ಅವತ್ತು ಒಂದು ನಿಮಿಷ, ಮೊಟ್ಟೆಯ ಕೆಳಗೆ ಒಂದೇ ಒಂದು ನಿಮಿಷ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಕೊಲೆಯಾದ ಆ ವಾರ ಕೋಟು ತಮ್ಮ ಮೈಮೇಲೆ ಇರಲಿಲ್ಲ. ಅದೂ ನೆನಪಾಯಿತು, ಬೇಡವೆಂದರೂ ಪೂರ್ತಿ ನೆನಪಾಯಿತು. ಅಣ್ಣ ಜ್ವರದಲ್ಲಿ ನಡುಗುತ್ತ ಮನೆಗೆ ಬಂದಿದ್ದ. ಔಷಧಿ ಕಂಪನಿಯೊಂದರ ವ್ಯಾನು ಓಡಿಸುತ್ತಿದ್ದ ಅಣ್ಣ, ಈ ಆಸ್ಪತ್ರೆಯ ಉಗ್ರಾಣಕ್ಕೆ ವಾರಕ್ಕೆರಡು ಸಲ ಪೆಟ್ಟಿಗೆ ಇಳಿಸಿ ಹೋಗುತ್ತಿದ್ದ. ಸಾಹೇಬರೇ ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿ ಕಳಿಸಿದ್ದರು. ಅದು ವಾಪಸು ಬರಲಿಲ್ಲ. ಬಸ್ಸಿನಲ್ಲಿ ಮರೆತೆ ಎಂದಿದ್ದ. ಹೋದರೆ ಹೋಗಲಿ ಬಿಡಿ, ನಿಮ್ಮಣ್ಣನಿಗಿಂತ ಕೋಟು ಹೆಚ್ಚಾ ಎಂದು ಹೆಂಡತಿ ಅಂದಿದ್ದಳು.

ಹೆಚ್ಚಲ್ಲ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನಾರು. ಶಾಲೆ ಬಿಟ್ಟು ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ ತಮ್ಮನನ್ನು ಕಲಾಶಾಲೆಗೆ ಕಳಿಸಿದವನು ಅವನು. ಚಿತ್ರ ಬರೆಯುವವನು ನಮ್ಮನೇಲಿ ಒಬ್ಬ ಇದ್ದಾನೆ ಎಂದು ಹೋಟೆಲ್ಲಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು. ಈಗಲೂ ವಾರಕ್ಕೊಮ್ಮೆ ಸಾಹೇಬರು ಅವನ ಮನೆಗೆ ಹೋಗಿ ಅತ್ತಿಗೆಯ ಕೈಯೂಟ ಉಂಡು ಬರುತ್ತಿದ್ದರು. ಅಣ್ಣ ಅವರ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದ, ಸಾಕಾಯ್ತೇನೋ, ಇನ್ನೂ ಹಾಕ್ಕೋ ಎನ್ನುತ್ತ.

"ಏನಾದರೂ ಕಾಣ್ತಾ ಸಾರ್?" ಗುಂಡಿಯಕ್ಕ ಮೆಲ್ಲಗೆ ಕೇಳಿದಳು.

ಉತ್ತರ ತಾನಾಗಿಯೇ ಬಂತು. ತಡೆಯಲು ಹೊತ್ತು ಸಿಗಲಿಲ್ಲ.

"ಇದು ನನ್ನ ಕೋಟು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೈ ಇಸ್ತ್ರಿಪೆಟ್ಟಿಗೆಯ ಹಿಡಿಯ ಮೇಲೆ ಹೋಯಿತು. ಹೆದರಿದ್ದಳೋ, ಇಲ್ಲ ಕೋಪವೋ, ಸಾಹೇಬರಿಗೆ ತಿಳಿಯಲಿಲ್ಲ. ಮುಖ ಓದುವುದೇ ವೃತ್ತಿಯಾಗಿದ್ದವರಿಗೆ ಆ ಮುಖ ಓದಲಾಗಲಿಲ್ಲ.

ನಾನಲ್ಲ ಅಮ್ಮ, ಅವತ್ತು ಅದು ನನ್ನ ಮೈಮೇಲೆ ಇರಲಿಲ್ಲ ಎಂದು ತಡವರಿಸಿದರು. ಆ ಹೊತ್ತಿಗೆ ತಾನು ಇಲಾಖೆಯಲ್ಲೇ ಇದ್ದೆ, ಹಾಜರಿ ಪುಸ್ತಕ ಇದೆ, ಹತ್ತು ಜನ ನೋಡಿದ್ದಾರೆ ಎಂದರು. ಹೇಳುತ್ತ ಹೇಳುತ್ತ ದನಿ ಚಿಕ್ಕದಾಯಿತು. ನಾನಲ್ಲ, ಅಲ್ಲಿ ಇರಲೇ ಇಲ್ಲ ಎಂದು ಲಿಫ್ಟಿನವನೂ ಹೇಳಿದ್ದ. ಅವನನ್ನು ಕಂಡ ಹತ್ತು ಜನ ಅವನಿಗಿರಲಿಲ್ಲ.

"ಹಾಗಾದ್ರೆ ಯಾರ ಮೈಮೇಲಿತ್ತು ಸಾರ್?"

ಪ್ರಶ್ನೆ ಹಿಂದಿನಿಂದ ಬಂತು. ಗಂಡುದನಿ, ಅವಸರವಿಲ್ಲದ್ದು.

ಸಾಹೇಬರು ತಿರುಗಿದರು. ಬಾಗಿಲಲ್ಲಿ ಮೈಲಿಗೆ ಬಟ್ಟೆಯ ಗಾಡಿ ನಿಂತಿತ್ತು. ಅದರ ಹಿಡಿಕೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಬ್ಬ ಬಡಕಲು ಮನುಷ್ಯ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂಗು ಉದ್ದ. ಗಲ್ಲ ಒಳಗೆ ಹೋಗಿತ್ತು. ಆ ಮುಖದ ಒಂದೊಂದು ಗೆರೆಯನ್ನೂ ಸಾಹೇಬರು ಕಣ್ಣು ಮುಚ್ಚಿ ಬರೆಯಬಲ್ಲರು.

ಗುಂಡಿಯಕ್ಕನೇ ಅವನಿಗೆ ಈ ಗಾಡಿ ತಳ್ಳುವ ಕೆಲಸ ಕೊಡಿಸಿದ್ದಳು ಎಂಬುದು ಆಮೇಲೆ ತಿಳಿಯಿತು. ಜೈಲಿನಿಂದ ಬಂದವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಲಿಫ್ಟು ಮಾತ್ರ ಅವನು ಹತ್ತುತ್ತಿರಲಿಲ್ಲ. ಆರು ಮಹಡಿಯ ಬಟ್ಟೆಯನ್ನೂ ಇಳಿಜಾರು ದಾರಿಯಲ್ಲೇ ಇಳಿಸುತ್ತಿದ್ದ.

ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡವನ ಹಾಗಿತ್ತು.

"ಅಕ್ಕ ಆ ಚಿತ್ರ ನಂಗೆ ತೋರಿಸಿರಲಿಲ್ಲ," ಎಂದ. "ಕಲಾಭವನದಲ್ಲೇ ನೋಡಿದ್ದು. ದಿನಾ ಹೋಗಿ ಆ ಕೋಟು ನೋಡ್ತಿದ್ದೆ. ಯಾವತ್ತಾದರೂ ಯಾರ ಮೈಮೇಲಾದರೂ ಸಿಗಬಹುದು ಅಂತ. ಯಾರಿಗೆ ಕೊಟ್ಟಿದ್ರಿ ಸಾರ್?"

ಹೇಳಲೇಬೇಕಿತ್ತು. ಎರಡು ಅಕ್ಷರದ ಮಾತು, ಅಣ್ಣ ಅಂತ. ಸಾಹೇಬರ ನಾಲಿಗೆಯ ತುದಿಗೆ ಅದು ಬಂದಿತ್ತು. ಎದುರಿಗೆ ಹನ್ನೊಂದು ವರ್ಷ ಕಳೆದುಕೊಂಡವನು, ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ಯಾರಾದರೂ ಕೇಳಲಿ ಎಂದು ಕಾದವಳು. ಎಪ್ಪತ್ತು ದಾಟಿದ ಅಣ್ಣ, ತಟ್ಟೆಯ ಕಡೆ ನೋಡುವ ಅವನ ಕಣ್ಣು.

"ನೆನಪಿಲ್ಲಪ್ಪ," ಎಂದರು.

ಸುಳ್ಳು ಎಂದು ಇಬ್ಬರಿಗೂ ಗೊತ್ತಾಗಿತ್ತು. ಗುಂಡಿಯಕ್ಕ ಅವರ ಮುಂದಿದ್ದ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಗುವನ್ನು ಅಪರಿಚಿತರಿಂದ ವಾಪಸು ಪಡೆಯುವವಳ ಹಾಗೆ, ಎದೆಗೆ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಮುಖದಲ್ಲಿದ್ದ ನಾಚಿಕೆ ಎಂಥದ್ದು ಎಂದು ಸಾಹೇಬರಿಗೆ ಈಗ ಅರ್ಥವಾಯಿತು, ಯಾಕೆಂದರೆ ಅದು ಅಷ್ಟೂ ತಮ್ಮ ಮೇಲೆ ಬಂದು ಕೂತಿತ್ತು.

ಲಿಫ್ಟಿನವನು ಗಾಡಿಯನ್ನು ಒಳಗೆ ತಳ್ಳಿದ. ಬಾಗಿಲು ಮುಂದಕ್ಕೆ ಎಳೆದು ಚಿಲಕ ಹಾಕಿದ. ಸಿಟ್ಟಿನಿಂದಲ್ಲ, ದಿನದ ಕೆಲಸ ಮುಗಿಸುವವನ ಹಾಗೆ. ಆಮೇಲೆ ಮಡಿಸಿದ ಹಾಸಿನ ಕಟ್ಟೊಂದನ್ನು ಎಳೆದು ತಂದು, ಸಾಹೇಬರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ.

"ನೆನಪಾಗೋವರೆಗೂ ಕೂತ್ಕೊಳ್ಳೋಣ ಸಾರ್," ಎಂದ. "ನಂಗೆ ಕೂತು ಅಭ್ಯಾಸ ಇದೆ."